ಕೀಮೋ ಬಲೂನ್ ಪಂಪು: ಮಲೆನಾಡಿನ ಮನೆಗೆ ಎಷ್ಟು ಒಗ್ಗುತ್ತದೆ?

ದೊಡ್ಡ ಕರುಳಿನ ಕ್ಯಾನ್ಸರ್ ಲಿವರ್‌ಗೋ ಶ್ವಾಸಕೋಶಕ್ಕೋ ಹರಡಿದವರಿಗೆ ಆಸ್ಪತ್ರೆಯ ಡೇ ಕೇರ್‌ನಿಂದ ಮನೆಗೆ ಹೊರಡುವಾಗ ಸೊಂಟದ ಚೀಲದಲ್ಲಿ ಹಾಕಿ ಕೊಡುತ್ತಾರಲ್ಲ, ಆ ಪ್ಲಾಸ್ಟಿಕ್ ಬಾಟಲಿಯ ವಿಮರ್ಶೆ ಇದು. ಪೆಟ್ಟಿಗೆಯ ಮೇಲೆ ಎಲಾಸ್ಟೊಮೆರಿಕ್ ಇನ್ಫ್ಯೂಷನ್ ಪಂಪ್ ಎಂದಿರುತ್ತದೆ. ಬಾಯಿಮಾತಿಗೆ ಬಲೂನ್ ಪಂಪು. ಗಟ್ಟಿ ಹೊರಕವಚ, ಒಳಗೆ ಔಷಧ ತುಂಬಿ ಉಬ್ಬಿದ ಬಲೂನು, ಅದರಿಂದ ಹೊರಟ ಸಪೂರ ನಳಿಗೆ, ನಡುವೆ ಒಂದು ಫಿಲ್ಟರು, ಒಂದು ಕ್ಲಾಂಪು, ತುದಿಯಲ್ಲಿ ಹರಿವನ್ನು ಹಿಡಿದಿಡುವ ರೆಸ್ಟ್ರಿಕ್ಟರ್. ಮೋಟಾರಿಲ್ಲ, ಬ್ಯಾಟರಿಯಿಲ್ಲ. ಮಳೆಗಾಲದಲ್ಲಿ ಮೂರು ದಿನ ಕರೆಂಟು ಹೋಗುವ ಊರಿಗೆ ಇದಕ್ಕಿಂತ ಹೇಳಿ ಮಾಡಿಸಿದ ಸಾಮಾನು ಬೇರೆ ಇಲ್ಲ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪಂಪು ಚೆನ್ನಾಗಿದೆ, ಕೈಕೊಡುವುದು ಅದರ ಸುತ್ತಲಿನ ಏರ್ಪಾಡು. ಶಿವಮೊಗ್ಗದಿಂದ ಒಂದೂವರೆ ಗಂಟೆಯೊಳಗೆ ಮನೆಯಿದ್ದು, ಮೂರನೇ ದಿನ ಎದೆಯಿಂದ ಪಂಪಿನ ಸೂಜಿ ತೆಗೆಯುವವರು ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದು ಗೊತ್ತಿದ್ದರೆ ಧೈರ್ಯವಾಗಿ ಒಪ್ಪಿಕೊಳ್ಳಬಹುದು. ಅದು ಗೊತ್ತಿಲ್ಲದಿದ್ದರೆ ಮೊದಲ ಸುತ್ತಿಗೆ ಮಾತ್ರೆಯ ದಾರಿಯ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ.

ಈ ಪಂಪಿನಲ್ಲಿ ಹೋಗುವ ಕೀಮೋ ಔಷಧ ಫ್ಲೋರೋಯುರಾಸಿಲ್, ಚುಟುಕಾಗಿ ಫೈವ್ ಎಫ್‌ಯು. ರಕ್ತಕ್ಕೆ ಸೇರಿದ ಅದರಲ್ಲಿ ಅರ್ಧ ಹತ್ತಿಪ್ಪತ್ತು ನಿಮಿಷದಲ್ಲೇ ಕರಗಿಹೋಗುತ್ತದೆ. ಹಾಗಾಗಿ ಎರಡು ದಿನ ಸಣ್ಣಗೆ ಹರಿಸುತ್ತಲೇ ಇರಬೇಕು. ಇದರ ಜೊತೆ ಆಕ್ಸಾಲಿಪ್ಲಾಟಿನ್ ಸೇರಿದರೆ ಫೋಲ್ಫಾಕ್ಸ್, ಇರಿನೋಟೆಕಾನ್ ಸೇರಿದರೆ ಫೋಲ್ಫಿರಿ. ಎರಡರಲ್ಲೂ ಫೈವ್ ಎಫ್‌ಯುವಿನ ಬಲ ಹೆಚ್ಚಿಸುವ ಲ್ಯೂಕೊವೊರಿನ್ ಇರುತ್ತದೆ, ಎರಡೂ 14 ದಿನಕ್ಕೊಂದು ಸೈಕಲ್, ಎರಡಕ್ಕೂ ಇದೇ ಪಂಪು. ಒಂದು ಕೆಲಸ ಮಾಡುವುದು ನಿಂತಾಗ ಇನ್ನೊಂದಕ್ಕೆ ದಾಟುತ್ತಾರೆ. ಮೊದಲು ಕೊಡುವುದು ಮೊದಲ ಸುತ್ತು, ದಾಟಿದ ಮೇಲಿನದು ಎರಡನೇ ಸುತ್ತು. ಯಾವುದು ಮೊದಲು ಎಂಬ ಪ್ರಶ್ನೆಗೆ 2004ರಲ್ಲಿ ಫ್ರಾನ್ಸಿನಿಂದ ಬಂದ 220 ರೋಗಿಗಳ ಅಧ್ಯಯನ ಇವತ್ತಿಗೂ ಆಧಾರ. ಫೋಲ್ಫಿರಿ ಮೊದಲು ಪಡೆದವರ ಮಧ್ಯಕ ಬದುಕುಳಿವು (ಅರ್ಧದಷ್ಟು ಜನ ಬದುಕಿದ್ದ ಅವಧಿ) 21.5 ತಿಂಗಳು, ಫೋಲ್ಫಾಕ್ಸ್ ಮೊದಲು ಪಡೆದವರದು 20.6. ಈ ವ್ಯತ್ಯಾಸಕ್ಕೆ ಅರ್ಥವಿಲ್ಲ. ಮೊದಲ ಸುತ್ತಿನಲ್ಲಿ ಗಡ್ಡೆ ಕುಗ್ಗಿದವರ ಪ್ರಮಾಣವೂ ಶೇ. 56 ಮತ್ತು 54. ಬೇರೆಯಾದದ್ದು ಅಡ್ಡಪರಿಣಾಮ: ಫೋಲ್ಫಾಕ್ಸ್‌ನಲ್ಲಿ ಕೈಕಾಲು ಜೋಮು, ಫೋಲ್ಫಿರಿಯಲ್ಲಿ ಬಾಯಿಹುಣ್ಣು, ವಾಕರಿಕೆ, ಕೂದಲು ಉದುರುವುದು. ಇಬ್ಬರು ಡಾಕ್ಟರು ಎರಡು ಥರ ಬರೆದುಕೊಟ್ಟರೆಂದು ಗಾಬರಿಯಾಗಬೇಕಿಲ್ಲ. ಯಾವುದು ಮೊದಲಾದರೂ ಪಂಪು ಇದೇ ಆದ್ದರಿಂದ ಅದರ ಆಯ್ಕೆ ಒಂದೆರಡು ತಿಂಗಳ ಮಾತಲ್ಲ, ಎರಡೂ ಸುತ್ತಿಗೆ ಅನ್ವಯಿಸುವಂಥದ್ದು. ಪಂಪು ಒಂದು ಸಲಕ್ಕೆ ಮಾತ್ರ, ಪ್ರತಿ ಸೈಕಲ್‌ಗೂ ಹೊಸದು ಬೇಕು. ಎದೆಯ ಚರ್ಮದಡಿ ಕೂರಿಸುವ ಕೀಮೋ ಪೋರ್ಟ್ (ಪಂಪಿನ ನಳಿಗೆ ಸೂಜಿಯ ಮೂಲಕ ಸೇರುವುದು ಇದಕ್ಕೇ) ಮಾತ್ರ ಅದೇ ಉಳಿಯುತ್ತದೆ.

ಇನ್ನು ತುಂಬುವ ಲೆಕ್ಕ. 160 ಸೆಂ.ಮೀ. ಎತ್ತರ, 58 ಕೆ.ಜಿ. ತೂಕದವರ ಮೈ ವಿಸ್ತೀರ್ಣ ಹೆಚ್ಚುಕಡಿಮೆ 1.6 ಚದರ ಮೀಟರ್. ಪಂಪಿಗೆ ಹಾಕುವ ಫೈವ್ ಎಫ್‌ಯು ಚದರ ಮೀಟರಿಗೆ 2400 ಮಿ.ಗ್ರಾಂ., ಅಂದರೆ 3840 ಮಿ.ಗ್ರಾಂ. ವಯಲಿನಲ್ಲಿ ಒಂದು ಎಂಎಲ್‌ಗೆ 50 ಮಿ.ಗ್ರಾಂ. ಇರುವುದರಿಂದ 76.8 ಎಂಎಲ್. ಪಂಪಿನ ವೇಗ ಗಂಟೆಗೆ 2 ಎಂಎಲ್ ಆದರೆ 46 ಗಂಟೆಗೆ 92 ಎಂಎಲ್ ಬೇಕು, ಉಳಿದ 15.2 ಎಂಎಲ್ ಸಲೈನ್ ಅಥವಾ ಡೆಕ್ಸ್ಟ್ರೋಸ್. ಎರಡರಲ್ಲಿ ಯಾವುದಕ್ಕೆ ಆ ಪಂಪಿನ ವೇಗ ಗೊತ್ತುಮಾಡಿದ್ದಾರೋ ಅದನ್ನೇ ಹಾಕಬೇಕು. ಡೆಕ್ಸ್ಟ್ರೋಸ್ ತುಸು ಮಂದ ದ್ರವ, ಹರಿವು ನಿಧಾನವಾಗುತ್ತದೆ. ಹೇಳಿದ್ದಕ್ಕಿಂತ ಕಡಿಮೆ ತುಂಬಿದರೆ ಪಂಪು ಬೇಗ ಖಾಲಿ, ಜಾಸ್ತಿ ತುಂಬಿದರೆ ತಡ. ಲ್ಯೂಕೊವೊರಿನ್ ಅನ್ನು ಇದೇ ಬಲೂನಿಗೆ ಬೆರೆಸಬಾರದು, ಗಸಿ ಕಟ್ಟಿ ಪೋರ್ಟಿನ ನಳಿಗೆ ಮುಚ್ಚಿಹೋಗುತ್ತದೆ. ತುಂಬಿದ ಪಂಪನ್ನು ಫ್ರಿಜ್ಜಿನಲ್ಲೂ ಇಡಬಾರದು, ತಣ್ಣಗಾದರೆ ಫೈವ್ ಎಫ್‌ಯು ಹರಳುಗಟ್ಟುತ್ತದೆ.

ಮನೆಯವರಿಗೆ ಈ ಲೆಕ್ಕ ಯಾಕೆ? ಲೇಬಲ್ ಓದಲಿಕ್ಕೆ. ಪಂಪಿನ ಮೇಲೆ ರೋಗಿಯ ಹೆಸರು, ಔಷಧದ ಮಿ.ಗ್ರಾಂ., ಒಟ್ಟು ಎಂಎಲ್, ಗಂಟೆಗೆ ಎಷ್ಟು ಎಂಎಲ್, ಹಚ್ಚಿದ ಹೊತ್ತು, ಮುಗಿಯುವ ಹೊತ್ತು ಇಷ್ಟು ಬರೆದಿರಬೇಕು. ಎಂಎಲ್ ಅನ್ನು ವೇಗದಿಂದ ಭಾಗಿಸಿದರೆ 46 ಬರಬೇಕು, ಅಷ್ಟೇ. ನೋಡಲು ಒಂದೇ ಥರದ ಪೆಟ್ಟಿಗೆಯಲ್ಲಿ 2 ಎಂಎಲ್‌ನದೂ 5 ಎಂಎಲ್‌ನದೂ ಬರುತ್ತವೆ. 92 ಎಂಎಲ್ ಅನ್ನು ತಪ್ಪಿ 5 ಎಂಎಲ್ ಪಂಪಿಗೆ ತುಂಬಿದರೆ 18 ಗಂಟೆಯಲ್ಲಿ ಎಲ್ಲವೂ ಮೈಗೆ ಸೇರಿಬಿಡುತ್ತದೆ. 2006ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ವಿದ್ಯುತ್ ಪಂಪಿಗೆ ವೇಗ ಒತ್ತುವಾಗ ಲೆಕ್ಕ ತಪ್ಪಿ, ನಾಲ್ಕು ದಿನದ ಫೈವ್ ಎಫ್‌ಯು ನಾಲ್ಕು ಗಂಟೆಯಲ್ಲಿ ಹೋಗಿ ರೋಗಿ ತೀರಿಕೊಂಡಿದ್ದರು. ಬಲೂನ್ ಪಂಪಿನಲ್ಲಿ ಒತ್ತುವ ಗುಂಡಿಯೇ ಇಲ್ಲದ್ದರಿಂದ ಆ ದಾರಿಯ ತಪ್ಪು ಆಗದು. ಪೆಟ್ಟಿಗೆ ಅದಲುಬದಲಾಗುವ ತಪ್ಪು ಮಾತ್ರ ಉಳಿದಿದೆ. ಅತಿಯಾದ ಫೈವ್ ಎಫ್‌ಯುಗೆ ಯುರಿಡಿನ್ ಟ್ರಯಾಸಿಟೇಟ್ ಎಂಬ ಪ್ರತಿಮದ್ದು ಇದೆ, ಔಷಧ ಮುಗಿದ 96 ಗಂಟೆಯೊಳಗೆ ಶುರುವಾಗಬೇಕು. ಆದರೆ ಅದು ಶಿವಮೊಗ್ಗದ ದುರ್ಗಿಗುಡಿಯ ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಸಿಗುವ ಮಾಲಲ್ಲ. ಹಚ್ಚುವ ಮುಂಚೆ ಇಬ್ಬರು ಓದಿ ನೋಡುವುದೇ ಸರಿ, ಅದರಲ್ಲೊಬ್ಬರು ಮನೆಯವರಾಗಿರಲಿ.

ಮಲೆನಾಡಿಗೆ ಬಂದರೆ ಈ ಪಂಪಿನ ಮುಖ್ಯ ಗುಣದೋಷವೆಲ್ಲ ಶಾಖದ ಮೇಲೆ ನಿಂತಿದೆ. ರೆಸ್ಟ್ರಿಕ್ಟರ್ ಎಂಬ ಆ ಸಣ್ಣ ತುಂಡನ್ನು ಚರ್ಮಕ್ಕೆ ಅಂಟಿಸುವುದು ಸುಮ್ಮನೆ ಅಲ್ಲ. ಹೆಚ್ಚಿನ ಕಂಪನಿಗಳು ವೇಗವನ್ನು ಗೊತ್ತುಮಾಡಿರುವುದು ಚರ್ಮದ ಬಿಸಿಗೆ, ಅಂದರೆ 31ರಿಂದ 33 ಡಿಗ್ರಿ ಸೆಲ್ಸಿಯಸ್‌ಗೆ. ಒಂದು ಡಿಗ್ರಿ ಏರುಪೇರಾದರೆ ಹರಿವು ಶೇ. 2ರಿಂದ 3ರಷ್ಟು ಬದಲಾಗುತ್ತದೆ. ಪುಷ್ಯ ಮಾಸದ ರಾತ್ರಿ ಟೇಪು ಬಿಟ್ಟುಕೊಂಡು ರೆಸ್ಟ್ರಿಕ್ಟರ್ ಕಂಬಳಿಯ ಹೊರಗೆ ಬಿತ್ತೆನ್ನಿ. ಕೋಣೆಯಲ್ಲಿ 18 ಡಿಗ್ರಿ ಇದ್ದರೆ ಬೆಳಗಿನವರೆಗೆ ಶೇ. 30ರ ಆಸುಪಾಸು ನಿಧಾನವಾಗಿ ಹರಿದಿರುತ್ತದೆ. ಅದೇ ಚಳಿಗೆ ಬಚ್ಚಲೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಎದೆ ಕಾಯಿಸಿಕೊಂಡರೆ ಉಲ್ಟಾ, ವೇಗ ಏರುತ್ತದೆ. ಬಿಸಿನೀರಿನ ಚೀಲ ಹತ್ತಿರ ಇಟ್ಟರೂ ಅಷ್ಟೇ. ಹಂಡೆಯ ನೀರು ತಲೆಗೆ ಹೊಯ್ದುಕೊಳ್ಳುವ ಸ್ನಾನ ಈ ಎರಡು ದಿನ ಬೇಡ, ಮೈ ಒರೆಸಿಕೊಂಡರೆ ಸಾಕು. ಡ್ರೆಸ್ಸಿಂಗ್ ಒದ್ದೆಯಾದರೆ ಸೂಜಿಯ ಜಾಗಕ್ಕೆ ಸೋಂಕು, ಅದು ಪೋರ್ಟಿಗೆ ಇಳಿದರೆ ಪೋರ್ಟನ್ನೇ ತೆಗೆಸಬೇಕಾಗಬಹುದು.

ಇನ್ನೊಂದು, ಎತ್ತರ. ಪಂಪು ಮತ್ತು ರೆಸ್ಟ್ರಿಕ್ಟರ್ ಸರಿಸುಮಾರು ಒಂದೇ ಮಟ್ಟದಲ್ಲಿರಬೇಕು. ಗೋಡೆಯ ಮೊಳೆಗೆ ನೇತುಹಾಕಿದರೆ ತುಸು ಬೇಗ, ಮಂಚದಿಂದ ನೆಲಕ್ಕೆ ಇಳಿಬಿಟ್ಟರೆ ತುಸು ತಡ. ಮಲಗುವಾಗ ದಿಂಬಿನ ಪಕ್ಕ ಇಟ್ಟುಕೊಳ್ಳುವುದು ಸರಿ. ಡ್ರಿಪ್ ಬಾಟಲಿಯ ಅಭ್ಯಾಸವಿರುವ ಹಿರಿಯರು ಇದನ್ನೂ ಮೇಲಕ್ಕೆ ಕಟ್ಟಲು ಹೋಗುತ್ತಾರೆ, ಮೊದಲೇ ಹೇಳಿಡಿ.

ಮನೆಗೆ ಬಂದ ದಿನ ರಾತ್ರಿ ಬರುವ ಫೋನುಗಳಲ್ಲಿ ಸಾಮಾನ್ಯವಾದದ್ದು “ಬಲೂನು ಇಳೀತಾನೇ ಇಲ್ಲ” ಎಂಬುದು. ಗಂಟೆಗೆ 2 ಎಂಎಲ್ ಅಂದರೆ ಮೊದಲ ಹತ್ತು ಗಂಟೆಯಲ್ಲಿ ಹೋಗುವುದು ನಾಲ್ಕು ಟೀ ಚಮಚ. ಕಣ್ಣಿಗೆ ಕಾಣುವುದಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಫೋಟೊ ಅದೇ ಕೋನದಲ್ಲಿ ತೆಗೆದಿಟ್ಟುಕೊಂಡರೆ ವ್ಯತ್ಯಾಸ ತಿಳಿಯುತ್ತದೆ, ನರ್ಸಿಗೆ ಕಳಿಸಲೂ ಅನುಕೂಲ. 24 ಗಂಟೆಯಾದರೂ ಏನೂ ಬದಲಾಗದಿದ್ದರೆ ಮೊದಲು ಕ್ಲಾಂಪು ನೋಡಿ. ಎಷ್ಟೋ ಸಲ ಅದೇ ಮುಚ್ಚಿರುತ್ತದೆ. ಆಮೇಲೆ ನಳಿಗೆ ಬೆಲ್ಟಿನಡಿ ಮಡಚಿದೆಯೇ, ಸೂಜಿ ಅಲುಗಿದೆಯೇ ನೋಡಿ. ಪೋರ್ಟಿನ ಸುತ್ತ ಊತ, ಉರಿ, ಕೆಂಪು ಕಂಡರೆ ಮಾತ್ರ ಕಾಯುವುದಿಲ್ಲ, ಕ್ಲಾಂಪು ಮುಚ್ಚಿ ಹೊರಡುವುದೇ. ಔಷಧ ರಕ್ತನಾಳ ಬಿಟ್ಟು ಮಾಂಸಕ್ಕೆ ಇಳಿಯುತ್ತಿರಬಹುದು. ಒಳ್ಳೆಯ ಪಂಪಿನಲ್ಲೂ ಶೇ. 10ರಿಂದ 15ರಷ್ಟು ಆಚೀಚೆ ಇದ್ದದ್ದೇ, 46 ಗಂಟೆಯದು 41ಕ್ಕೋ 51ಕ್ಕೋ ಮುಗಿದರೆ ತಲೆ ಕೆಡಿಸಿಕೊಳ್ಳಬೇಡಿ. 30ಕ್ಕೇ ಮುಗಿದರೆ ಫೋನ್ ಮಾಡಿ. ಮುಂದಿನ ವಾರದಲ್ಲಿ ಬಾಯಿಹುಣ್ಣು, ಭೇದಿ, ರಕ್ತಕಣ ಇಳಿಯುವುದು ಜೋರಾಗಬಹುದು.

ಈಗ ಏರ್ಪಾಡಿನ ಮಾತು, ಕಡಿಮೆ ಅಂಕ ಸಿಗುವುದು ಇಲ್ಲೇ. ಸೋಮವಾರ ಮಧ್ಯಾಹ್ನ 1ಕ್ಕೆ ಪಂಪು ಹಚ್ಚಿದರೆ ಬುಧವಾರ ಬೆಳಿಗ್ಗೆ 11ಕ್ಕೆ ಮುಗಿಯುತ್ತದೆ. ಶಿವಮೊಗ್ಗ ತೀರ್ಥಹಳ್ಳಿಯಿಂದ 60 ಕಿ.ಮೀ., ಸಾಗರದಿಂದ 70 ಚಿಲ್ಲರೆ. ಊಟದ ಹೊತ್ತಿಗೆ ಬಂದು ಸೂಜಿ ತೆಗೆಸಿಕೊಂಡು ಕತ್ತಲಾಗುವ ಮುಂಚೆ ಮನೆ ಸೇರಬಹುದು. ತುಮರಿ ಕಡೆಯವರಿಗೂ 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಸೇತುವೆ ತೆರೆದ ಮೇಲೆ ಕೊನೆಯ ಲಾಂಚ್ ತಪ್ಪೀತೆಂಬ ಗಡಿಬಿಡಿ ಇಲ್ಲ. ಆದರೆ ಅದೇ ಪಂಪನ್ನು ಸಂಜೆ 5ಕ್ಕೆ ಹಚ್ಚಿದರೆ ಮೂರನೇ ದಿನ 3 ಗಂಟೆ, ಹಿಂತಿರುಗುವಾಗ ರಾತ್ರಿ. ಶುಕ್ರವಾರ ಹಚ್ಚಿದರೆ ಭಾನುವಾರ, ಡೇ ಕೇರ್‌ಗೆ ಬೀಗ! ಕ್ಯಾಶುಯಾಲ್ಟಿಗೆ ಹೋದರೆ ಅಲ್ಲಿನವರಿಗೆ ಪೋರ್ಟಿನ ಹ್ಯೂಬರ್ ಸೂಜಿ ತೆಗೆದು ಗೊತ್ತಿರುವುದಿಲ್ಲ. ಆದ್ದರಿಂದ ಸೋಮವಾರದಿಂದ ಬುಧವಾರದೊಳಗೆ ಹಚ್ಚುವ ದಿನ ಗೊತ್ತುಮಾಡಿಸಿಕೊಳ್ಳಿ, ಮೂರನೇ ದಿನ ಸರ್ಕಾರಿ ರಜೆಯೋ ಎಂದು ಕ್ಯಾಲೆಂಡರ್ ನೋಡಿ. ರಕ್ತಪರೀಕ್ಷೆಯನ್ನು ಹಿಂದಿನ ದಿನವೇ ತಾಲ್ಲೂಕಿನಲ್ಲಿ ಮಾಡಿಸಿ ವರದಿ ಕಳಿಸಿದರೆ ಬೆಳಿಗ್ಗೆಯ ಎರಡು ಮೂರು ಗಂಟೆ ಉಳಿಯುತ್ತದೆ. ನ್ಯೂಟ್ರೋಫಿಲ್ 1500ಕ್ಕಿಂತ ಕೆಳಗಿದ್ದರೆ, ಪ್ಲೇಟ್‌ಲೆಟ್ 75,000ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಒಂದು ವಾರ ಮುಂದೂಡುತ್ತಾರೆ. ಸುಮ್ಮನೆ ಬಸ್ಸು ಹತ್ತುವುದೂ ತಪ್ಪುತ್ತದೆ.

ಸೂಜಿ ತೆಗೆಯುವ ಕೆಲಸ ಹತ್ತು ಹದಿನೈದು ನಿಮಿಷದ್ದು. ಊರಿನ ನರ್ಸ್ ಒಬ್ಬರು ಕಲಿತರೆ ಪ್ರಯಾಣವೇ ಬೇಡ, ಡೇ ಕೇರ್‌ನಲ್ಲಿ ಒಮ್ಮೆ ತೋರಿಸಿಕೊಡಲು ಕೇಳಿ. ಕೈಗವಸು ಹಾಕಿ ಕ್ಲಾಂಪು ಮುಚ್ಚಿ ಪಂಪು ಬಿಡಿಸಬೇಕು. 10 ಎಂಎಲ್ ಸಿರಿಂಜಿನಲ್ಲಿ ಎರಡು ಸಲ ಸಲೈನನ್ನು ತಡೆತಡೆದು ನೂಕಬೇಕು. ಅದಕ್ಕಿಂತ ಸಣ್ಣ ಸಿರಿಂಜು ಬೇಡ, ಒತ್ತಡ ಹೆಚ್ಚಾಗಿ ನಳಿಗೆ ಬಿರಿಯಬಹುದು. ಆಮೇಲೆ ಒಂದು ಎಂಎಲ್‌ಗೆ 100 ಯೂನಿಟ್ ಇರುವ ಹೆಪಾರಿನ್ 5 ಎಂಎಲ್, ಅಥವಾ ನಿಮ್ಮ ಆಸ್ಪತ್ರೆಯ ಪದ್ಧತಿ ಏನಿದೆಯೋ ಅದು. ಕೊನೆಯ ಹನಿ ನೂಕುತ್ತಿರುವಾಗಲೇ ಕ್ಲಾಂಪು ಮುಚ್ಚಬೇಕು, ಇಲ್ಲವಾದರೆ ರಕ್ತ ಹಿಂದಕ್ಕೆ ಬಂದು ತುದಿಯಲ್ಲಿ ಹೆಪ್ಪುಗಟ್ಟುತ್ತದೆ. ಎರಡು ಬೆರಳಲ್ಲಿ ಪೋರ್ಟನ್ನು ಒತ್ತಿ ಹಿಡಿದು ಸೂಜಿಯನ್ನು ನೆಟ್ಟಗೆ ಮೇಲಕ್ಕೆಳೆಯುವುದು. ಬಲೂನಿನಲ್ಲಿ ಕೆಲವು ಎಂಎಲ್ ಉಳಿದೇ ಇರುತ್ತದೆ. ಖಾಲಿ ಪಂಪನ್ನು ಬಚ್ಚಲೊಲೆಗೆ ಹಾಕುವುದು, ಗೊಬ್ಬರಗುಂಡಿಗೆ ಎಸೆಯುವುದು ಎರಡೂ ತಪ್ಪು. ಝಿಪ್ ಚೀಲದಲ್ಲಿ ಕಟ್ಟಿ ಆಸ್ಪತ್ರೆಗೇ ವಾಪಸ್ ಕೊಡಿ. ಸೋರಿದರೆ ಕೈಗವಸು ಹಾಕಿ ಹಳೇ ಬಟ್ಟೆಯಲ್ಲಿ ಒತ್ತಿ ತೆಗೆದು ಸೋಪುನೀರಿನಲ್ಲಿ ಮೂರು ಸಲ ತೊಳೆಯಿರಿ. ಪಂಪು ಬಿಚ್ಚಿದ 48 ಗಂಟೆ ಶೌಚಕ್ಕೆ ಹೋದಾಗ ಎರಡೆರಡು ಸಲ ನೀರು ಹಾಕಬೇಕು, ಬಸುರಿಯರು ರೋಗಿಯ ಆ ದಿನಗಳ ಬಟ್ಟೆ ಮುಟ್ಟಬಾರದು.

ಪಂಪು ಒಂದೇ ಆದರೂ ಜೊತೆಯ ಔಷಧ ಬದಲಾದಂತೆ ಮನೆಯ ಆರೈಕೆ ಬೇರೆ. ಫೋಲ್ಫಾಕ್ಸ್ ಇರುವಾಗ ಶತ್ರು ಎಂದರೆ ತಣ್ಣಗಿನದು. ಆಕ್ಸಾಲಿಪ್ಲಾಟಿನ್ (ಚದರ ಮೀಟರಿಗೆ 85 ಮಿ.ಗ್ರಾಂ., ಡೆಕ್ಸ್ಟ್ರೋಸ್‌ನಲ್ಲೇ, ಸಲೈನಿನಲ್ಲಿ ಕೆಡುತ್ತದೆ) ಹೋದ ಮೇಲೆ ಕೆಲವು ದಿನ ಬಾವಿಯ ನೀರು, ಸ್ಟೀಲ್ ಚೊಂಬು, ಬೆಳಗಿನ ಗಾಳಿ ಇವೆಲ್ಲ ಬೆರಳಿಗೆ ಸೂಜಿ ಚುಚ್ಚಿದಂತೆ, ಗಂಟಲು ಬಿಗಿದಂತೆ ಮಾಡುತ್ತವೆ. ಉಸಿರು ನಿಲ್ಲುವುದಿಲ್ಲ, ಹಾಗೆ ಅನಿಸುತ್ತದೆ ಅಷ್ಟೇ. ಬಿಸಿನೀರು ಗುಟುಕರಿಸಿದರೆ ಇಳಿಯುತ್ತದೆ. ತಂಬುಳಿ ಕೂಡ ಬೆಚ್ಚಗಿರಲಿ. ಇದು ಸೈಕಲ್ ಮಧ್ಯೆ ಹೋಗುವ ಜೋಮು. ಹೋಗದೆ ಉಳಿಯುವ ಜೋಮು ಒಟ್ಟು ಡೋಸಿನ ಮೇಲೆ ನಿಂತಿದೆ. ಹತ್ತು ಸೈಕಲ್ ಅಂದರೆ ಚದರ ಮೀಟರಿಗೆ 850 ಮಿ.ಗ್ರಾಂ., ಆ ಹೊತ್ತಿಗೆ ಗಣನೀಯ ಸಂಖ್ಯೆಯ ಜನರಿಗೆ ಗುಂಡಿ ಹಾಕುವುದು ಕಷ್ಟ. ಕೊನೆ ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರು ಬೆರಳ ತುದಿಯ ಸ್ಪರ್ಶ ಹೋಗಿದ್ದರೆ ಕೈ ಕೊಯ್ದುಕೊಂಡದ್ದೇ ತಿಳಿಯದು, ರಕ್ತಕಣ ಕಡಿಮೆಯಿರುವಾಗ ಅದು ಸಣ್ಣ ಗಾಯವಲ್ಲ. “ಜೋಮು ಸ್ವಲ್ಪ ಇದೆ” ಎಂದು ಡಾಕ್ಟರಿಗೆ ಹೇಳಬೇಡಿ. ಗುಂಡಿ ಹಾಕಲಾಗುತ್ತದೆಯೇ, ಹೂ ಕಟ್ಟಲಾಗುತ್ತದೆಯೇ, ಚಪ್ಪಲಿ ಜಾರಿದ್ದು ಗೊತ್ತಾಗುತ್ತದೆಯೇ ಹೇಳಿ. ಆರರಿಂದ ಎಂಟು ಸೈಕಲ್ ಆದಮೇಲೆ ಆಕ್ಸಾಲಿಪ್ಲಾಟಿನ್ ಮಾತ್ರ ನಿಲ್ಲಿಸಿ ಫೈವ್ ಎಫ್‌ಯು ಮುಂದುವರಿಸುವುದು ಸೋಲಲ್ಲ, ಮಾನ್ಯವಾದ ಕ್ರಮ. ಬೇಕಾದಾಗ ಮತ್ತೆ ತರಬಹುದು.

ಫೋಲ್ಫಿರಿಯಲ್ಲಿ ಭೇದಿ. ಇರಿನೋಟೆಕಾನ್ ಹೋಗುತ್ತಿರುವಾಗಲೇ ಬೆವರು, ಜೊಲ್ಲು, ಹೊಟ್ಟೆ ನುಲಿತ ಬಂದರೆ ಅಲ್ಲೇ ಅಟ್ರೋಪಿನ್ ಕೊಡುತ್ತಾರೆ. ತೊಂದರೆ ಕೊಡುವುದು ಒಂದು ದಿನದ ಮೇಲೆ ಶುರುವಾಗುವ ಎರಡನೇ ಬಗೆಯದು, ಅಷ್ಟೊತ್ತಿಗೆ ರೋಗಿ ಹೊಸನಗರ ತಾಲ್ಲೂಕಿನ ನಗರದಲ್ಲೋ ನಿಟ್ಟೂರಲ್ಲೋ ಮನೆಯಲ್ಲಿರುತ್ತಾರೆ. ಲೋಪೆರಮೈಡ್ ಮಾತ್ರೆ ಮನೆಯಲ್ಲಿ ಮೊದಲೇ ಇರಬೇಕು. ಮೊದಲ ನೀರು ಭೇದಿಗೆ 4 ಮಿ.ಗ್ರಾಂ. ಅಂದರೆ ಎರಡು ಮಾತ್ರೆ, ಆಮೇಲೆ ಎರಡು ಗಂಟೆಗೊಂದು 2 ಮಿ.ಗ್ರಾಂ., ಭೇದಿ ನಿಂತು 12 ಗಂಟೆ ಆಗುವವರೆಗೆ. ಮಾಮೂಲಿ ಭೇದಿಗೆ ಚೀಟಿಯ ಮೇಲೆ ಬರೆದಿರುವ ಮಿತಿಗಿಂತ ಇದು ಹೆಚ್ಚು, ಹಾಗಾಗಿ ಡಾಕ್ಟರ ಕೈಯಲ್ಲಿ ಬರೆಸಿಟ್ಟುಕೊಳ್ಳಿ. 48 ಗಂಟೆ ಮೀರಿ ಮುಂದುವರಿಸಬೇಡಿ. ಉಪ್ಪು ಹಾಕಿದ ಗಂಜಿ, ಓಆರ್‌ಎಸ್ ಸರಿ. ಹಾಲು, ಹಲಸಿನ ಹಣ್ಣು ಬೇಡ. ಕ್ಯಾನ್ಸರಿಗೆಂದು ಮರದ ಚಕ್ಕೆಯ ಕಷಾಯ ಕುಡಿಯುವುದು ನಮ್ಮ ಕಡೆ ಅಪರೂಪವಲ್ಲ. ಕುಡಿಯುತ್ತಿದ್ದರೆ ಮುಚ್ಚಿಡಬೇಡಿ, ಇರಿನೋಟೆಕಾನ್ ಲಿವರ್ ದಾರಿಯಲ್ಲೇ ಹೊರಹೋಗುವ ಔಷಧ.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಎರಡೂ ಸುತ್ತಿನಲ್ಲಿ ನಿಯಮ ಒಂದೇ: ಪ್ಯಾರಾಸಿಟಮಾಲ್ ನುಂಗಿ ಮಲಗುವುದಲ್ಲ, ಆಸ್ಪತ್ರೆಗೆ. ಇಲ್ಲಿ ಮಲೆನಾಡಿನದೇ ಒಂದು ಸಿಕ್ಕು ಇದೆ. ಡಿಸೆಂಬರಿನಿಂದ ಮೇವರೆಗೆ ಸೊಪ್ಪಿನ ಬೆಟ್ಟಕ್ಕೆ ಹೋಗಿಬರುವ ಮನೆಯಲ್ಲಿ ಜ್ವರ ಬಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಆ ವೈರಸ್ಸೂ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಇಳಿಸುತ್ತದೆ, ಕೀಮೋವೂ ಇಳಿಸುತ್ತದೆ. ರಕ್ತದ ವರದಿ ನೋಡಿ ಎರಡನ್ನೂ ಬೇರ್ಪಡಿಸಲಾಗದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲ ವಾಕ್ಯವೇ “ಕೀಮೋ ಆಗಿ ಇಷ್ಟು ದಿನ ಆಯ್ತು, ಪೋರ್ಟ್ ಇದೆ” ಎಂದಿರಲಿ. ಆಂಟಿಬಯಾಟಿಕ್ ಮೊದಲು, ಮಂಗನ ಕಾಯಿಲೆಯ ಪರೀಕ್ಷೆ ಜೊತೆಜೊತೆಗೆ.

ಪಂಪಿಗೆ ಎದುರಾಳಿ ಕ್ಯಾಪೆಸಿಟಾಬಿನ್ ಮಾತ್ರೆ. ಹೊಟ್ಟೆಗೆ ಹೋಗಿ ಒಳಗೇ ಫೈವ್ ಎಫ್‌ಯು ಆಗುತ್ತದೆ. ಆಕ್ಸಾಲಿಪ್ಲಾಟಿನ್ ಜೊತೆ ಮೂರು ವಾರಕ್ಕೊಮ್ಮೆ ಒಂದೇ ಭೇಟಿ, ಪೋರ್ಟ್ ಇಲ್ಲದೆಯೂ ನಡೆಯುತ್ತದೆ. ಊಟವಾದ ಅರ್ಧ ಗಂಟೆಯೊಳಗೆ, ದಿನಕ್ಕೆರಡು ಹೊತ್ತು, 14 ದಿನ ನುಂಗಿ 7 ದಿನ ಬಿಡುವುದು. ಪರಿಣಾಮದಲ್ಲಿ ಫೋಲ್ಫಾಕ್ಸ್‌ಗೆ ಕಡಿಮೆಯಿಲ್ಲ. ಆಗುಂಬೆ, ಹುಲಿಕಲ್ ಕಡೆಯ ಮನೆಗೆ ಆಷಾಢದಲ್ಲಿ ಇದೇ ಮೇಲು. ಅಂಗೈ ಅಂಗಾಲು ಕೆಂಪಾಗಿ ಸುಲಿಯುವುದು, ಕಿಡ್ನಿ ಸರಿಯಿಲ್ಲದವರಿಗೆ ಡೋಸ್ ಇಳಿಸಬೇಕಾಗುವುದು, ವಾರ್ಫರಿನ್ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಅಪಾಯ ಇದರ ಕೊರತೆ. ಆದರೆ ಎರಡನೇ ಸುತ್ತಿಗೆ ಬಂದಾಗ ಇರಿನೋಟೆಕಾನ್ ಜೊತೆ ಈ ಮಾತ್ರೆಯನ್ನು ಪೂರ್ತಿ ಡೋಸಿನಲ್ಲಿ ಕೊಟ್ಟರೆ ಭೇದಿ ತಡೆಯಲಾಗದು. ಜಪಾನ್, ಕೊರಿಯಾ, ಚೀನಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ಡೋಸ್ ತಗ್ಗಿಸಿ (ಇರಿನೋಟೆಕಾನ್ 200, ಕ್ಯಾಪೆಸಿಟಾಬಿನ್ 800 ಮಿ.ಗ್ರಾಂ. ದಿನಕ್ಕೆರಡು ಸಲ, ಚದರ ಮೀಟರಿಗೆ) ಫೋಲ್ಫಿರಿಗೆ ಸಮ ಎಂದು ತೋರಿಸಿತು. ಆ ಬಗೆಯನ್ನು ಬಳಸುವ ಡಾಕ್ಟರು ಸಿಕ್ಕರೆ ಪಂಪಿಲ್ಲದೆಯೇ ಎರಡೂ ಸುತ್ತು ಮುಗಿಯುತ್ತದೆ. ಪಂಪಿರಲಿ ಮಾತ್ರೆಯಿರಲಿ, ಶುರುವಿಗೆ ಮುಂಚೆ ಡಿಪಿವೈಡಿ ಎಂಬ ಜೀನಿನ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ. ಆ ಜೀನ್ ದೋಷವಿರುವವರಿಗೆ ಮಾಮೂಲಿ ಡೋಸೂ ವಿಷವಾಗಬಲ್ಲದು.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ವೆಚ್ಚದ ಶೇ. 30ರಂತೆ 1.5 ಲಕ್ಷದವರೆಗೆ ನೆರವಿದೆ. ಕೀಮೋ ಪ್ಯಾಕೇಜಿನೊಳಗೆ ಪಂಪು ಸೇರಿದೆಯೇ, ಪೋರ್ಟ್ ಮತ್ತು ಪ್ರತಿ ಸಲದ ಹ್ಯೂಬರ್ ಸೂಜಿ ಸೇರಿದೆಯೇ ಎಂದು ಬಿಡಿಬಿಡಿಯಾಗಿ ಆರೋಗ್ಯಮಿತ್ರರನ್ನು ಕೇಳಿ, ಉತ್ತರ ಬರೆಸಿಕೊಳ್ಳಿ. ಹೊರಗಿನಿಂದ ಪಂಪು ತರಲು ಹೇಳಿದರೆ ಚೀಟಿಯಲ್ಲಿ ಎಂಎಲ್ ಮತ್ತು ಗಂಟೆಯ ವೇಗ ಎರಡೂ ಇರಲಿ. ಅಂಗಡಿಯವರು “ಇದೂ ಅದೇ” ಎಂದು ಬೇರೆ ವೇಗದ್ದನ್ನು ಕೊಟ್ಟರೆ ತರಬೇಡಿ. ಲ್ಯಾಟೆಕ್ಸ್ ಅಲರ್ಜಿ ಇರುವವರು ಪೆಟ್ಟಿಗೆಯ ಮೇಲೆ ಬಲೂನು ಯಾವುದರದೆಂದು ಓದಿ. ಸೀಲು ಒಡೆದದ್ದು, ತುದಿಯ ಮುಚ್ಚಳ ಸಡಿಲವಾದದ್ದು ಕಂಡರೆ ಕೌಂಟರಿನಲ್ಲೇ ವಾಪಸ್ ಕೊಡಿ, ತುಂಬಿದ ಮೇಲೆ ಯಾರೂ ಬದಲಿಸಿಕೊಡುವುದಿಲ್ಲ.